ಹದಿನೇಳನೆಯ ಪುಟದ ದುರ್ಗಪ್ಪ

ಮಗಳಿಗೆ ಎಂಟು ತಿಂಗಳು. ಹಲ್ಲು ಬರುವ ಜ್ವರವೋ, ದೃಷ್ಟಿ ತಾಕಿದ ಜ್ವರವೋ, ಬಾಜೂ ಮನೆಯವರು ತಿನ್ನಿಸಿದ ಬಾಳೆಹಣ್ಣಿನ ಜ್ವರವೋ ಎಂದು ದಿನಕ್ಕೆ ಹತ್ತು ಸಲ ಅವಳ ಹಣೆ ಮುಟ್ಟಿ ನೋಡುವುದು ನನ್ನ ಸ್ವಭಾವ. ಆದರೆ ಈ ಫೆಬ್ರುವರಿಯಲ್ಲಿ ನನ್ನ ಬೆನ್ನು ಹತ್ತಿದ ಚಿಂತೆ ಅವಳದಲ್ಲ. ನಮ್ಮ ಹೈಸ್ಕೂಲಿನ ೧೯೬೨ರ ವಾರ್ಷಿಕ ಸಂಚಿಕೆಯ ಹದಿನೇಳನೆಯ ಪುಟದ್ದು. ಯಾರ ಕೈಯಲ್ಲಿ ಆ ಪುಸ್ತಕ ಕಂಡರೂ ನಾನು ದಾರಿ ಬದಲಿಸುತ್ತಿದ್ದೆ. ಆ ಪುಟದ ಬರಹ ದುರ್ಗಪ್ಪನದು. ಪರಿವಿಡಿಯಲ್ಲಿ ಅದರ ಮುಂದಿರುವ ಹೆಸರು ಬೇರೆಯವರದು. ಪರಿವಿಡಿ ಬರೆದ ಕೈ ನನ್ನದು.

ದುರ್ಗಪ್ಪ ಮೂಡಲಗಿಯ ಈ ಶಾಲೆಯ ಸಿಪಾಯಿ. ಹುಕ್ಕೇರಿ ಕಡೆಯ ಹತ್ತರಗಿಯವನು. ಮೊದಲು ಘಟಪ್ರಭೆಯಲ್ಲಿ ರೈಲು ಹಳಿಯ ಕೂಲಿಗಿದ್ದು, ಇಲ್ಲಿ ಶಾಲೆ ತೆರೆದ ವರ್ಷ ಒಂದು ಮೊಳದ ಹಳಿಯ ತುಂಡನ್ನು ಹೆಗಲ ಮೇಲೆ ಹೊತ್ತು ಬಂದನಂತೆ. ಇವತ್ತಿಗೂ ಅದೇ ಶಾಲೆಯ ಗಂಟೆ, ಅಂಗಳದ ಬೇವಿನ ಮರಕ್ಕೆ ತೂಗುತ್ತಿದೆ. ನೌಕರಿ ಗಂಟೆಗೋ ತನಗೋ ಎಂದು ಕೇಳಿದರೆ, "ಗಂಟಿಗ್ರಿ. ನಾ ಅದರ ಸಂಗಾಟ ಬಂದಾವ" ಎನ್ನುತ್ತಾನೆ.

ನಮ್ಮ ಮನೆ ಶಾಲೆಯ ಹಿಂದೆಯೇ. ನಮ್ಮವರು ಅಲ್ಲಿ ಕನ್ನಡ ಕಲಿಸುವ ಮಾಸ್ತರರು, ಇನ್ನೂ ಕಾಯಂ ಆಗಿಲ್ಲ. ಕೂಸು ಹುಟ್ಟಿದ ಹೊಸದರಲ್ಲಿ ಪ್ರತಿ ಗಂಟೆಗೂ ಬೆಚ್ಚಿ ಅಳುತ್ತಿತ್ತು. ನಾನು ಹೋಗಿ ದುರ್ಗಪ್ಪನ ಮುಂದೆ ಗೋಳಾಡಿದೆ.

"ಬಾಯಾರ, ಇದು ಸಾಲಿ ಗಂಟಿ ಐತ್ರಿ, ಜೋಗುಳ ಅಲ್ಲ" ಎಂದ.

ಅಂದದ್ದು ಹಾಗೆ. ಮರುದಿನ ಸುತ್ತಿಗೆಗೆ ತನ್ನ ರುಮಾಲು ಸುತ್ತಿ ಬಾರಿಸಿದ. ಕೂಸು ಕದಲಲಿಲ್ಲ. ಇಡೀ ಶಾಲೆಯೂ ಕದಲಲಿಲ್ಲ. ಊಟದ ಗಂಟೆ ಯಾರಿಗೂ ಕೇಳದೆ ಹೆಡ್‌ಮಾಸ್ತರರು ಎರಡೂವರೆಯವರೆಗೆ ಇಂಗ್ಲಿಷ್ ವ್ಯಾಕರಣ ನಡೆಸಿದರು. ಕರೆಸಿ ಗದರಿಸಿದಾಗ, "ಬಾರಿಸೇನ್ರಿ ಸರ. ಹಸದಾವ್ರಿಗರೆ ಕೇಳಬೇಕಾಗಿತ್ತು. ನಿಮ್ಮ ಪಾಠ ಅಷ್ಟ ರುಚಿ ಇತ್ತು ಕಾಣತೈತಿ" ಎಂದನಂತೆ. ಹೆಡ್‌ಮಾಸ್ತರರಿಗೆ ಸಿಟ್ಟು ಮಾಡಬೇಕೋ ಖುಷಿ ಪಡಬೇಕೋ ತಿಳಿಯದೆ ಹೋಯಿತು.

ಇಂಥ ಊರಲ್ಲಿ ನಾನು ಧಾರವಾಡದಲ್ಲಿ ಕಲಿತವಳು, ಡ್ರಾಯಿಂಗ್ ಪರೀಕ್ಷೆ ಎರಡೂ ಪಾಸಾದವಳು ಎಂಬ ಸುದ್ದಿ ಹಬ್ಬಿದ್ದೇ ತಪ್ಪಾಯಿತು. ಸಂಚಿಕೆಯ ಮುಖಪುಟವೂ ಪರಿವಿಡಿಯೂ ನನ್ನ ಕೊರಳಿಗೆ ಬಿದ್ದವು. ಮುಖಪುಟದಲ್ಲಿ ಸರಸ್ವತಿ ಬೇಕೆಂದರು ಮ್ಯಾಟ್ರಿಕ್ಕಿನವರು. ಗೋಕಾಕದ ಜಲಪಾತ ಬೇಕೆಂದರು ಒಂಬತ್ತನೆಯವರು. ಟ್ರ್ಯಾಕ್ಟರ್ ಬೇಕೇ ಬೇಕೆಂದು ಹಟ ಹಿಡಿದರು ಎಂಟನೆಯವರು. ತೊಟ್ಟಿಲು ತೂಗುತ್ತಲೇ ಮೂರನ್ನೂ ಒಂದೇ ಹಾಳೆಯಲ್ಲಿ ಕೂಡಿಸಿದೆ. ದುರ್ಗಪ್ಪ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ.

"ಬಾಯಾರ, ಈ ಬಾತುಕೋಳಿ ಸರಸ್ವತಿಗೆ ಹೆಂಗ ಗಂಟ ಬಿತ್ತರಿ?"

"ದುರ್ಗಪ್ಪಾ, ಅದು ಹಂಸ."

"ಹೌದೇನ್ರಿ? ಧುಪದಾಳದ ಒಡ್ಡಿನ ನೀರಾಗ ಇಂಥಾವ ಭಾಳ ಅದಾವು. ತಾವು ಹಂಸ ಅಂತ ಅವಕ್ಕ ಯಾರೂ ಹೇಳೇ ಇಲ್ಲ ನೋಡ್ರಿ."

ಆ ಹಾಳೆ ಒಲೆಗೆ ಹೋಯಿತು. ಬೇರೆ ಹಾಳೆ ತೆಗೆದುಕೊಂಡು ಕಿಟಕಿಯಿಂದ ಕಂಡದ್ದನ್ನೇ ಬರೆದೆ: ಬೇವಿನ ಟೊಂಗೆ, ತೂಗುವ ಹಳಿಯ ತುಂಡು, ಸುತ್ತಿಗೆ ಹಿಡಿದ ಒಂದು ಕೈ. ಹೆಬ್ಬೆರಳಿನ ಉಗುರು ಸೀಳಿದ್ದು ಸಹ ಬರೆದೆ. ಯಾರೂ ತಕರಾರು ತೆಗೆಯಲಿಲ್ಲ. ಕೈ ಯಾರದೆಂದೂ ಕೇಳಲಿಲ್ಲ.

ನನ್ನ ಹೆಮ್ಮೆ ಅಡ್ಡ ಬಂದದ್ದು ಪರಿವಿಡಿಯಲ್ಲಿ. "ಅಚ್ಚಿನ ಮೊಳಿ ಜೋಡಿಸಿದ್ರ ಸಾಕಲ್ಲ?" ಎಂದರು ನಮ್ಮವರು.

"ಕಿರಾಣಿ ಅಂಗಡಿ ಯಾದಿ ಕಂಡಂಗ ಕಾಣ್ತದ" ಎಂದೆ. ಸುತ್ತ ಜೋಳದ ತೆನೆಯ ಅಂಚು ಕಟ್ಟಿ, ಒಂದೊಂದು ಅಕ್ಷರವನ್ನೂ ಕೈಯಿಂದ ಬರೆದು, ಅಚ್ಚಿನ ಬ್ಲಾಕು ಕೊರೆಸಲು ಕೊಲ್ಲಾಪುರಕ್ಕೆ ಕಳಿಸಿದೆ. ಇನ್ನೂ ಒಂದು ಶಾಣ್ಯಾತನ ಮಾಡಿದೆ. ಧಾರವಾಡದ ವಾಚನಾಲಯದಲ್ಲಿ ಕಂಡ ಮುಂಬಯಿಯ ಯಾವುದೋ ಪತ್ರಿಕೆಯಲ್ಲಿ ಲೇಖಕರ ಹೆಸರು ಪರಿವಿಡಿಯಲ್ಲಿ ಮಾತ್ರ ಇರುತ್ತಿತ್ತು, ಲೇಖನದ ಕೆಳಗೆ ಇರುತ್ತಿರಲಿಲ್ಲ. ನಮ್ಮದೂ ಹಾಗೇ ಇರಲಿ, ಚೊಕ್ಕವಾಗಿ ಕಾಣುತ್ತದೆ ಎಂದೆ. ಎಲ್ಲರೂ ಹೌದೆಂದರು. ಪಟ್ಟಣದವಳ ಮಾತಲ್ಲವೇ!

ಹದಿನೇಳನೆಯ ಪುಟ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮೀಸಲಾಗಿತ್ತು. ಹುಕ್ಕೇರಿಯ ಸಾವಕಾರರು, 'ನನ್ನ ಶಾಲೆಯ ದಿನಗಳು' ಎಂದು ಬರೆದುಕೊಡುವುದಾಗಿ ಮಾತು ಕೊಟ್ಟಿದ್ದರು. ಉಳಿದವರ ಹೆಸರು ಒಂದೊಂದು ಸಾಲಿಗೆ ಮುಗಿದರೆ, 'ಶ್ರೀಮಾನ್ ಮುರಿಗೆಪ್ಪ ಗುರುಸಿದ್ದಪ್ಪ ಸಾಹುಕಾರ, ಅಧ್ಯಕ್ಷರು, ಶಾಲಾ ಆಡಳಿತ ಮಂಡಳಿ' ಎಂಬುದಕ್ಕೆ ಎರಡೂವರೆ ಸಾಲು ಬೇಕಾಯಿತು. ತೆನೆಯ ಅಂಚನ್ನೇ ಸ್ವಲ್ಪ ಬಾಗಿಸಿದೆ.

ಬ್ಲಾಕು ಬಂತು. ಲೇಖನ ಬರಲಿಲ್ಲ. ಸಂಚಿಕೆ ಅಚ್ಚಾಗುತ್ತಿದ್ದುದು ಗೋಕಾಕದಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಅಚ್ಚಿನ ಹಾಳೆ ತರುತ್ತಿದ್ದವನು ದುರ್ಗಪ್ಪನೇ.

"ಎರಡ ಪುಟ ಬೋಳ ಉಳಿತಾವಂತ್ರಿ" ಎಂದ. ಆಮೇಲೆ ಗೋಡೆ ನೋಡುತ್ತ, "ನಂದೊಂದ ಐತ್ರಿ. ಓದಿ ನಗಬ್ಯಾಡ್ರಿ" ಎಂದು ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದದ್ದನ್ನು ತೆಗೆದ.

ನಾನು ನಗಲಿಲ್ಲ. ಕೇರಿಯ ಮಕ್ಕಳಿಗೆ ಶಾಲೆಯೊಳಗೆ ಜಾಗವಿಲ್ಲದ ಕಾಲದಲ್ಲಿ ಅವನು ಕಿಟಕಿಯ ಹೊರಗೆ ನಿಂತು ಅಕ್ಷರ ಕಲಿತದ್ದನ್ನು ಬರೆದಿದ್ದ. ಬೇರೆಯವರ ಎಮ್ಮೆಗಳನ್ನು ಮೇಯಲು ಬಿಟ್ಟು ನಿಂತಿರುತ್ತಿದ್ದನಂತೆ. ಒಳಗೆ ಕಿಟಕಿಗೆ ಒರಗಿ ಕುಳಿತ ಸಿರಿವಂತರ ಹುಡುಗನೊಬ್ಬ ಅವನ ಮೇಲೆ ಶೇಂಗಾ ಸಿಪ್ಪೆ ಎಸೆಯುತ್ತಿದ್ದ. "ಅವಸರಕ್ಕೆ ಕೆಲವು ಸಿಪ್ಪೆಯಲ್ಲಿ ಕಾಳೂ ಉಳಿದಿರುತ್ತಿದ್ದವು. ಹೀಗಾಗಿ ಆ ಶಾಲೆಯಲ್ಲಿ ನನಗೆ ವಿದ್ಯೆಯ ಜೊತೆ ಫರಾಳವೂ ಸಿಕ್ಕಿತು" ಎಂದು ಮುಗಿಸಿದ್ದ.

ಸಂಜೆ ನಮ್ಮವರು ಓದಿ, ಇದನ್ನೇ ಹಾಕೋಣ ಅಂದರು. ತಲೆಬರಹವೂ ಹೊಂದುತ್ತಿತ್ತು. ದುರ್ಗಪ್ಪ ಕೇಳಿದ್ದು ಒಂದೇ: "ಹೆಸರು ಅಚ್ಚಾಕ್ಕೈತೇನ್ರಿ? ದುರ್ಗಪ್ಪ ಕರೆಪ್ಪ ಹತ್ತರಗಿ ಅಂತ? ಅವ್ವಗ ಓದಾಕ ಬರೂದಿಲ್ಲ. ಆದ್ರ ಮಗನ ಹೆಸರಿನ ಮ್ಯಾಲ ಬೆರಳ ಇಟ್ಟ ನೋಡಬೇಕಂತಾಳ."

ಹೂಂ ಅಂದೆ. ಪರಿವಿಡಿಯ ಬ್ಲಾಕು ಆಗಲೇ ಗೋಕಾಕದಲ್ಲಿದೆ, ಅದರಲ್ಲಿ ಯಾರ ಹೆಸರು ಕೊರೆದಿದೆ ಎಂಬುದು ನನಗೂ ನೆನಪಾಗಲಿಲ್ಲ, ನಮ್ಮವರಿಗೂ ನೆನಪಾಗಲಿಲ್ಲ. ನೆನಪಾದದ್ದು ಶಾಲೆಯ ವಾರ್ಷಿಕ ಗ್ಯಾದರಿಂಗ್ ದಿನ, ಪುಸ್ತಕಗಳ ಕಟ್ಟು ಬಿಚ್ಚಿದಾಗ.

ಅಷ್ಟರಲ್ಲಿ ಸಮಾರಂಭ ಶುರುವಾಗಿತ್ತು. ಮುಖ್ಯ ಅತಿಥಿಗಳು ಪರಿವಿಡಿ ನೋಡಿ, ಹದಿನೇಳನೆಯ ಪುಟ ತೆರೆದು, ನಾಲ್ಕು ಸಾಲು ಓದಿ, ಗದ್ಗದಿತರಾದರು. "ನಮ್ಮ ಅಧ್ಯಕ್ಷರು ಬಾಲ್ಯದಲ್ಲಿ ಕಿಟಕಿಯ ಹೊರಗೆ ನಿಂತು ಕಲಿತವರು! ಎಮ್ಮೆ ಕಾಯ್ದವರು!" ಸಾವಕಾರರು ಒಂದು ಗಳಿಗೆ ಕಣ್ಣು ಪಿಳುಕಿಸಿದರು. ಅವರ ಭಾಷಣಗಳನ್ನೆಲ್ಲ ಯಾರಾದರೂ ಮಾಸ್ತರರೇ ಬರೆದುಕೊಡುವುದು ವಾಡಿಕೆ. ಇದೂ ಹಾಗೇ ಇರಬೇಕೆಂದು ಎದ್ದು ಕೈಮುಗಿದರು. ಚಪ್ಪಾಳೆ ಬಿತ್ತು. ವಾಡೆಯಲ್ಲಿ ಹುಟ್ಟಿ, ಶಾಲೆಗೆ ಕುದುರೆಯ ಮೇಲೆ ಹೋದ ಮನುಷ್ಯ!

ಮರುದಿನ ಓಡಿ ಹೋಗಿ ದುರ್ಗಪ್ಪನಿಗೆ ತಪ್ಪಾಯಿತೆಂದೆ. ಅವನು ನಕ್ಕೇ ನಕ್ಕ.

"ಇರಲಿ ಬಿಡ್ರಿ ಬಾಯಾರ. ಅವ್ರಿಗೂ ಒಂದೀಟ ಬಿಸಿಲ ಬಡೀಲಿ. ಆದ್ರ ಆ ಕಿಟಕಿ ಹೊರಗ ಇಬ್ಬರಿಗೆ ಜಾಗಾ ಇರಲಿಲ್ಲರಿ, ಒಂದ ಕಡೆ ತಿಪ್ಪಿ ಇತ್ತು."

ನಗೆ ಅವನದು, ಚಿಂತೆ ನನ್ನದು. ವಾರದೊಳಗೆ ಸಾವಕಾರರು ಎರಡು ಕಡೆ ಆ ಕಿಟಕಿಯ ಕತೆ ಹೇಳಿ ಕಣ್ಣೊರೆಸಿಕೊಂಡರಂತೆ. ಹುಕ್ಕೇರಿಯಲ್ಲಿ ಐತವಾರ ಅವರಿಗೆ ಸತ್ಕಾರ, ಅಲ್ಲಿ ಆ ಲೇಖನವನ್ನು ಅವರೇ ಓದುವವರಿದ್ದರು. ನಾನು ತಿದ್ದುಪಡಿಯ ಚೀಟಿ ಅಂಟಿಸೋಣ ಎಂದರೆ ನಮ್ಮವರು, "ಮಾರ್ಚ್ ಆಗಲಿ, ಕಾಯಂ ಆರ್ಡರಿಗೆ ಅವರ ಸಹಿ ಬೀಳಲಿ" ಎಂದರು. ನಾನೂ ಹೆದರಿದೆ. ಕೂಸಿನ ಹಣೆ ಮುಟ್ಟಿ ನೋಡುತ್ತ ಕುಳಿತೆ.

ಆ ಗುರುವಾರ ಸೂಟಿ ಇತ್ತು. ದುರ್ಗಪ್ಪ ಪುಸ್ತಕ ತೆಗೆದುಕೊಂಡು ಹತ್ತರಗಿಗೆ ಹೋಗಿ ಬಂದ. ಶುಕ್ರವಾರ ಶಾಲೆಯ ಮೊದಲ ಗಂಟೆ ಹತ್ತು ನಿಮಿಷ ತಡವಾಗಿ ಹೊಡೆಯಿತು. ಹಾಗೆ ಎಂದೂ ಆಗಿರಲಿಲ್ಲ. ಕೂಸನ್ನು ಎತ್ತಿಕೊಂಡು ಬೇವಿನ ಮರದ ಹತ್ತಿರ ಹೋದೆ.

"ಅವ್ವಗ ತೋರಿಸಿದೆಯೇನು?"

"ತೋರಿಸಿದೆನ್ರಿ. ಹೆಸರಿಲ್ಲ ಅನ್ನಾಕ ಬಾಯಿ ಬರಲಿಲ್ಲ. ಸಾವಕಾರ್ರ ಹೆಸರಿನ ಮ್ಯಾಲ ಆಕಿ ಬೆರಳ ಇಟ್ಟ, ಇದ ನೋಡವ್ವಾ, ನಿನ್ನ ಮಗಾ ಅಂದೆ." ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಿಸಿದ. "ಬೆರಳ ಸರಿಸಿಕೋತ ಹೋದಳ್ರಿ. ಒಂದ ಸಾಲ ಮುಗೀತು, ಎರಡ ಮುಗೀತು. 'ಎಲಾ ಇವನ, ಇಷ್ಟ ಉದ್ದದ ಹೆಸರ ನಿನಗ ನಾ ಯಾವಾಗ ಇಟ್ಟೇನೋ?' ಅಂದಳು."

ನಾನು ನಗಬೇಕೆಂದೇ ಹೇಳಿದ. ತಾನು ಮಾತ್ರ ನಗಲಿಲ್ಲ. ಸುತ್ತಿಗೆಯನ್ನು ಮರಕ್ಕೆ ಒರಗಿಸಿ, "ಆ ಶೇಂಗಾ ಒಗೀತಿದ್ದ ಹುಡುಗ ಯಾರ ಅಂತ ನೀವ ಕೇಳಲೇ ಇಲ್ಲಲ್ರಿ" ಎಂದ.

"ಯಾರು?"

"ಅವರ ಆಗ ಹತ್ತರಗಿ ವಾಡೇದಾಗ ಇದ್ರು. ಈಗ ಹುಕ್ಕೇರಿ ಸೇರ್ಯಾರ. ಅವ್ವಗ ಬೆರಳ ಇಟ್ಟ ತೋರಿಸಿದ್ನಲ್ಲ, ಅದ ಹೆಸರ್ರಿ."

ಮನೆಗೆ ಹೋಗಿ ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ನಿಂತರೂ ಧೈರ್ಯ ಇಳಿದುಹೋಗುತ್ತಿತ್ತು. ಹಾಗೇ ಟಪಾಲ ಕಚೇರಿಗೆ ನಡೆದೆ. ಊರಿಗೆ ಫೋನು ಬಂದು ಆರು ತಿಂಗಳಾಗಿತ್ತು. ಪೋಸ್ಟ್‌ಮಾಸ್ತರ ಮಾಲಿಂಗಪ್ಪನವರು ಹುಕ್ಕೇರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, "ಒದರಿ ಮಾತಾಡ್ರಿ ಬಾಯಾರ, ಸಣ್ಣ ದನಿ ಗೋಕಾಕ ದಾಟೂದಿಲ್ಲ" ಎಂದರು. ನನ್ನ ಹಿಂದೆ ಒಂಬತ್ತು ಜನರ ಸಾಲು. ಮುಕ್ಕಾಲು ತಾಸಿಗೆ ಲೈನು ಸಿಕ್ಕಿತು.

"ಸಾವಕಾರ್ರ, ಆ ಲೇಖನ ನೀವು ಬರದದ್ದಲ್ರಿ!"

"ಗೊತ್ತೈತಿ ಬಿಡ್ರಿ ತಂಗಿ. ನಿಮ್ಮ ಮಾಸ್ತರು ನನ್ನ ಹೆಸರಿಲೆ ಬರದಾರ. ಛಲೋ ಬರದಾರ."

"ಅವರಲ್ರಿ! ದುರ್ಗಪ್ಪ ಬರದಾನ!"

"ಯಾವ ದುರ್ಗಪ್ಪ?"

"ಗಂಟಿ ಬಾರಸೋ ದುರ್ಗಪ್ಪ! ಹತ್ತರಗಿ ಕರೆಪ್ಪನ ಮಗ! ಪರಿವಿಡಿಯೊಳಗ ನಾ ತಪ್ಪ ಮಾಡೇನ್ರಿ. ಮುನ್ನೂರು ಪುಸ್ತಕಕ್ಕೂ ಅವನ ಹೆಸರಿನ ಚೀಟಿ ಹಚ್ಚತೇನಿ!"

ತಂತಿಯಲ್ಲಿ ಬರೀ ಗುಂಯ್ ಎಂಬ ಸದ್ದು. ಲೈನು ಹೋಯಿತೆಂದುಕೊಂಡೆ. ನಮ್ಮವರ ನೌಕರಿಯೂ ಹೋಯಿತೆಂದುಕೊಂಡೆ. ಆಮೇಲೆ ಸಾವಕಾರರ ದನಿ ಬಂತು, ಮೊದಲಿನಷ್ಟು ದಪ್ಪವಿರಲಿಲ್ಲ.

"ಹಂಗಾರ ಕಿಟಕಿ ಹೊರಗ ನಿಂತಾವ ಅಂವೇನು?"

"ಹೌದ್ರಿ."

"ಮತ್ತ ನಾ?"

"ನೀವು ಒಳಗ ಕುಂತಿದ್ರಿ, ಸಾವಕಾರ್ರ! ಶೇಂಗಾ ತಿನಕೋತ!"

ಗೋಕಾಕದ ಆಪರೇಟರು ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು. "ಮೂರು ನಿಮಿಷ ಆತ್ರಿ, ಮುಂದುವರಸ್ಲೇನ್ರಿ?" ಎಂದರೆ ನಾನು ಬಾಯಿ ತೆರೆಯುವ ಮೊದಲೇ ಹುಕ್ಕೇರಿಯಿಂದ, "ಮುಂದುವರಸ್ರಿ!" ಎಂಬ ಗರ್ಜನೆ ಬಂತು.

"ಚೀಟಿ ಹಚ್ರಿ" ಎಂದರು ಸಾವಕಾರರು. "ಐತವಾರ ನನ್ನ ಕೊರಳಾಗ ಹಾರ ಬಿದ್ದ ಮ್ಯಾಲ ಯಾರರೆ ಅದನ್ನ ತಗದ ನನ್ನ ಮಾರಿಗೆ ಹಿಡಿಯೂದಕ್ಕಿಂತ ಇದ ಛಲೋ. ಓದಾಕ ಅಂವನ್ನ ಕಳಸ್ರಿ." ದನಿ ತಗ್ಗಿತು. "ಆದ್ರ ತಂಗಿ, ಒಂದ ಮಾತು. ಆ ಶೇಂಗಾದ ಹುಡುಗ ಯಾರಂತ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ."

ತಿರುಗಿ ನೋಡಿದೆ. ಸಾಲಿನಲ್ಲಿ ಒಂಬತ್ತು ಜನ ಕಿವಿ ನೆಟ್ಟಗೆ ಮಾಡಿ ನಿಂತಿದ್ದರು. ಮಾಲಿಂಗಪ್ಪನವರ ಕೈಯಲ್ಲಿಯ ಮುದ್ರೆ ಒತ್ತುವ ಠಸ್ಸೆ ಗಾಳಿಯಲ್ಲಿಯೇ ನಿಂತುಬಿಟ್ಟಿತ್ತು. ಕೂಸು ಒಂದೇ ಬೇರೆ ಕಡೆ ನೋಡುತ್ತಿತ್ತು.

"ಇಲ್ರಿ ಸಾವಕಾರ್ರ" ಎಂದು ಗೋಕಾಕ ದಾಟುವಂತೆ ಒದರಿದೆ, "ಯಾರ ಮುಂದೂ ಹೇಳೂದಿಲ್ರಿ!"