ಮುಫೀದಾ ಬಿಟ್ಟು ಓದಿದ ಸಾಲುಗಳು

ಕಡಬ ಪೇಟೆಯಲ್ಲಿ ಮುಫೀದಾ ಹೊಲಿದ ರವಿಕೆಗೆ ಹೆಸರಿಡುವವರಿಲ್ಲ. ಮನೆಗೆ ಅಳತೆ ಕೊಡಲು ಬಂದವರನ್ನು ನಗಿಸದೆ ಕಳಿಸಿದವಳೂ ಅಲ್ಲ. ಅಂಥವಳು ಮೂರು ವರ್ಷದಿಂದ, ಎಂಥ ಸೆಕೆಯಲ್ಲೂ, ಕುತ್ತಿಗೆಯ ಶಾಲು ಸಡಿಲಿಸಿರಲಿಲ್ಲ. ಕಿವಿಯ ಕೆಳಗಿಂದ ಭುಜದವರೆಗೆ ಬಿಳಿ ಮಚ್ಚೆ ಹಬ್ಬಿತ್ತು. ಮನೆಯಲ್ಲಿ ಜೊತೆಗಿದ್ದದ್ದು ಹೆತ್ತ ಉಮ್ಮ ಪಾತು ಒಬ್ಬರೇ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಆ ಮಚ್ಚೆ ಬರುವ ಮೊದಲೇ ತಿಂದುಹಾಕಿತ್ತು. ಆದರೂ ತಡಕುವ ಬೆರಳಿಗೆ ಮಚ್ಚೆ ಗೊತ್ತಾದೀತು, ಗೊತ್ತಾದರೆ ಉಮ್ಮ ತನ್ನನ್ನು ದೂರ ಮಾಡಿಯಾರು ಎಂದು ಹೆದರಿ ಮಗಳು ಕೈಗೆ ಸಿಗದಷ್ಟು ದೂರದಲ್ಲೇ ಕೂರುತ್ತಿದ್ದಳು. ಹುಚ್ಚು ಹುಡುಗಿ!

ಮಧ್ಯಾಹ್ನ ಊಟವಾದ ಮೇಲೆ ಉಮ್ಮನಿಗೆ ಕತೆ ಬೇಕು. ಲೈಬ್ರರಿಯ ಕನ್ನಡ ಪುಸ್ತಕವನ್ನು ಓದುತ್ತ ಓದುತ್ತಲೇ ಮುಫೀದಾ ಬ್ಯಾರಿ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು. ಈ ಸಲ ಸಿಕ್ಕಿದ್ದು ಮಾಯಾಲೋಕದ ಕಾದಂಬರಿ. ಅದರ ನಾಯಕಿಯ ಮೈಮೇಲೆ ಬೆಳ್ಳಿಬಣ್ಣದ ಕಲೆ. ಪ್ರೀತಿಸುವವನಿಗೂ ಅದನ್ನು ತೋರಿಸಲಾರದೆ ಮಂಜಿನ ಕೋಟೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಮೊದಲ ಪುಟದಿಂದಲೇ ಮುಫೀದಾ ಕಲೆಯ ಮಾತು ಬಂದಲ್ಲೆಲ್ಲ ಹಾರಿಸಿಬಿಟ್ಟಳು.

ಅಂದಿನಿಂದ ಆ ನಾಯಕಿ ಅವಳ ಬೆನ್ನು ಬಿಡಲಿಲ್ಲ. ಹಾಡಹಗಲೇ, ಗಿರಾಕಿಗಳಿಗೆಂದು ತೂಗುಹಾಕಿದ ಕನ್ನಡಿಯಲ್ಲಿ, ಕಲೆಯಿಲ್ಲದ ನುಣ್ಣನೆಯ ಮೈ ಹೊತ್ತು ಹಿಂದೆ ಬಂದು ನಿಲ್ಲುವಳು. ‘ನನ್ನ ಕಲೆಯನ್ನು ನೀನು ಎಂತ ಮಾಡಿದಿ?’ ಎಂದು ಕೇಳಿದಂತಾಗುವುದು. ಕನ್ನಡಿಗೆ ಬಟ್ಟೆ ಹೊದಿಸಿದರೂ ಬಿಡಲಿಲ್ಲ. ಮಿಷನ್ನಿನ ಸದ್ದಿನ ನಡುವೆ ಯಾರೋ ಉಸಿರಾಡುತ್ತಿದ್ದರು. ಎಡದ ತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದಳು.

ಹತ್ತನೆಯ ದಿನ ಉಮ್ಮ ನಡುವೆಯೇ ತಡೆದರು.

“ನಿಲ್ಸು ಮಾರಾಯ್ತಿ. ಅವಳಿಗೆ ಎಂತ ಕಮ್ಮಿ ಉಂಟು? ಅಷ್ಟು ಪ್ರೀತಿ ಮಾಡುವವ ಬಾಗಿಲಲ್ಲಿ ನಿಂತಿದ್ದಾನೆ. ಮತ್ತೆ ಯಾಕೆ ಅಡಗಿ ಕೂತುಕೊಳ್ಳುದು? ನೀನು ಎಂತದೋ ಬಿಟ್ಟು ಓದ್ತಾ ಇದ್ದೀ.”

“ಅವಳಿಗೆ ಕಲೆ ಉಂಟು, ಉಮ್ಮ.” ಮುಫೀದಾ ಪುಸ್ತಕ ಮುಚ್ಚಿದಳು. “ನನಗೂ ಉಂಟು. ಬಿಳಿ ಮಚ್ಚೆ. ಮೂರು ವರ್ಷ ಆಯ್ತು.”

ಉಮ್ಮ ತೆವಳಿಕೊಂಡು ಹತ್ತಿರ ಬಂದು ಶಾಲಿನೊಳಗೆ ಕೈಯಿಟ್ಟರು. ಕಿವಿಯ ಕೆಳಗೆ, ಕುತ್ತಿಗೆಯಲ್ಲಿ, ಭುಜದಲ್ಲಿ ನಿಧಾನವಾಗಿ ತಡಕಿದರು.

“ಎಲ್ಲಿ?”

“ನಿಮ್ಮ ಕೈಯ ಅಡಿಯಲ್ಲೇ.”

“ನನ್ನ ಕೈಗೆ ನೀನು ಮಾತ್ರ ಸಿಗುದು, ಬೇರೆ ಎಂತದೂ ಇಲ್ಲ,” ಎಂದರು ಉಮ್ಮ. “ಇದಕ್ಕಾ ಮೂರು ವರ್ಷ ಹತ್ತಿರ ಬಾರದೆ ಇದ್ದದ್ದು? ಕಣ್ಣು ಹೋದ ಮೇಲೆ ಮಗಳಿಗೂ ನಾನು ಬೇಡ ಆದೆ ಅಂತ ಎಣಿಸಿದ್ದೆ.”