ಶರಣಮ್ಮ ಬರೆದ ನಕಾಶೆ

ಎಂ.ಎ. ನಗರ ಭೂಗೋಳದ ಕ್ಲಾಸಿನಲ್ಲಿ ಒಂದು ಕೆಲಸ ಕೊಟ್ಟಿದ್ದರು: ನಿಮ್ಮ ಏರಿಯಾದ ಜನರ ಕೈಯಲ್ಲೇ ಏರಿಯಾದ ನಕಾಶೆ ಬರೆಸಿ ತನ್ನಿ. ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ "ಮೊಬೈಲಲ್ಲೇ ಇದೆಯಲ್ಲ" ಅಂತ ಬಾಗಿಲು ಹಾಕಿಕೊಂಡರು. ಅವತ್ತು ಮಧ್ಯಾಹ್ನವೇ ಒಪ್ಪಿಸಬೇಕಿತ್ತು. ಕೊನೆಗೆ ಮುಂಬೈ ಪಕ್ಕದ ನಮ್ಮ ಠಾಕುರ್ಲಿ ಸ್ಟೇಷನ್ ಹೊರಗೆ ಕೂಲಿಗೆ ಕಾಯುತ್ತ ಕೂತಿದ್ದ ಕಲಬುರಗಿಯ ಶರಣಮ್ಮನ ಮುಂದೆ ಹಾಳೆ ಹಿಡಿದೆ.

ಅವರು ಒಂದು ರಸ್ತೆಯನ್ನೂ ಬರೆಯಲಿಲ್ಲ. ಬರೀ ಚೌಕಗಳು. "ಇದಕ್ಕ ಇಟ್ಟಂಗಿ ಹೊತ್ತೀನಿ. ಇದರ ಸ್ಲ್ಯಾಬಿಗೆ ಕಾಂಕ್ರೀಟ್ ಬುಟ್ಟಿ ಕೊಟ್ಟೀನಿ. ಇದು ಗುಡಿ ಹಿಂದಿನ ಹಳದಿ ಬಿಲ್ಡಿಂಗ್."

"ಅಕ್ಕಾ, ಅದು ನಮ್ಮದು! ಮೂರನೇ ಮಾಳಿಗೆ!" ಕುಣಿದೇಬಿಟ್ಟೆ.

ಶರಣಮ್ಮ ಪೆನ್ಸಿಲ್ ನಿಲ್ಲಿಸಿ ನನ್ನ ಮುಖ ನೋಡಿದರು. "ಹಂಗಾರ ಬಚ್ಚಲ ನೀರು ಬಾಗಲಿಗೆ ಬರ್ತದೇನವ್ವಾ?"

"ಬರುತ್ತೆ! ದಿನಾ ಬರುತ್ತೆ! ನಿಮಗೆ ಹೇಗೆ ಗೊತ್ತು?"

"ಇಳಿಜಾರು ಉಲ್ಟಾ ಆಗ್ಯದಂತ ಮಿಸ್ತ್ರಿಗೆ ಅವತ್ತೇ ಹೇಳಿದ್ದೆ. ನನ್ನ ಮಾತು ಯಾರು ಕೇಳ್ತಾರ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲೋಕಲ್ ಹಿಡಿಯಲು ಓಡುತ್ತಿದ್ದವರೂ ಒಂದು ಕ್ಷಣ ನಿಂತು ನೋಡಿದರು.

ಮಧ್ಯಾಹ್ನ ಕ್ಲಾಸಿನಲ್ಲಿ ನಮ್ಮ ಪ್ರೊಫೆಸರು ಹಾಳೆಯನ್ನು ತಿರುಗಿಸಿ ಮುರುಗಿಸಿ, "ರಸ್ತೆಯೇ ಇಲ್ಲ. ಇದನ್ನು ನಂಬೋದು ಹೇಗೆ?" ಅಂದರು.

"ನಮ್ಮ ಮನೆಗೆ ಬಂದು ಬಚ್ಚಲಲ್ಲಿ ಒಂದು ತಂಬಿಗೆ ನೀರು ಚೆಲ್ಲಿ ನೋಡಿ ಸರ್," ಅಂದೆ.