ಕಂದಾಯದಲ್ಲಿ ಇಲ್ಲದ ತವರು

ಕೊನೆಯ ವರ್ಷ ಅಮ್ಮನದು ಒಂದೇ ಹಠ. ತಾನು ಸತ್ತ ದಿನ ತವರಿನ ಸೀರೆ ಬರಬೇಕು. ನಮ್ಮ ಕಡೆ ಹೆಣ್ಣು ಸತ್ತರೆ ತವರಿನವರು ಸೀರೆ ತಂದು ಹೊದಿಸಿದ ಮೇಲೆಯೇ ಹೆಣ ಎತ್ತುವುದು. ಅಮ್ಮನಿಗೋ ತವರು ಯಾವುದೆಂದೇ ಗೊತ್ತಿರಲಿಲ್ಲ. ಹೆತ್ತವಳು ಬಾಣಂತನದಲ್ಲೇ ಹೋದಳು. ಅಮ್ಮನ ಅಜ್ಜಿ ಕೂಸನ್ನು ಸೂಲಿಬೆಲೆಗೆ ಎತ್ತಿಕೊಂಡು ಬಂದು, ಸಿಟ್ಟಿಗೆ ಅಳಿಯನ ಊರಿನ ಹೆಸರನ್ನು ಸಾಯುವವರೆಗೂ ಬಾಯಿಗೆ ತರಲಿಲ್ಲ. ಸಾಕಿದ ಆ ಮನೆಯಲ್ಲೂ ಈಗ ದೀಪ ಹಚ್ಚುವವರಿಲ್ಲ. ಅಮ್ಮನ ಬಳಿ ಉಳಿದದ್ದು ಅಪ್ಪನ ಹೆಸರು, ಸಾಸಲು ಕಡೆಯವರು ಎಂಬ ಮಾತು, ಮತ್ತೆ ಮನೆತನದ ಹೆಸರು: ದೊಡ್ಡಬಾಗಿಲವರು.

"ಓದಿದ್ದೀಯಲ್ಲ, ಹುಡುಕ್ಕೊಡೇ," ಅಂದಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ರಜೆ ಹಾಕಿ ದೊಡ್ಡಬಳ್ಳಾಪುರದ ಕಚೇರಿಗೆ ಅಲೆದೆ. ಹಳೆಯ ಕಂದಾಯದ ನಕಲುಗಳಲ್ಲಿ ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ, ಅಷ್ಟೇ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ. ಅವೇ ಎರಡು ಹೆಸರು ತಿರುಗಿ ತಿರುಗಿ ಬರುತ್ತವೆ. ಯಾರು ತಾತ, ಯಾರು ಮೊಮ್ಮಗ, ದೇವರೇ ಬಲ್ಲ. ಊರವರು ಕೂಗುವ ಮನೆತನದ ಹೆಸರನ್ನು ಯಾವ ಶಾನುಭೋಗನೂ ಬರೆದಿರಲಿಲ್ಲ. ಜನಗಣತಿಯ ಪುಸ್ತಕ ತೆಗೆದರೆ ಊರಿಗೆ ಇಷ್ಟು ಗಂಡಸರು, ಇಷ್ಟು ಹೆಂಗಸರು. ಅಮ್ಮನನ್ನು ಹೆತ್ತವಳೂ ಆ ಲೆಕ್ಕದಲ್ಲಿ ಒಂದು ತಲೆ. ಕಂದಾಯ ಕಟ್ಟದವಳ ಹೆಸರು ಯಾರಿಗೆ ಬೇಕು? ಥೂ ಅನ್ನಿಸಿತು.

ಕೊನೆಗೆ ನಕಲಿನಲ್ಲಿ ಅಮ್ಮನ ಅಪ್ಪನ ಹೆಸರು ಸಿಕ್ಕ ಊರುಗಳಿಗೇ ಹೋಗಿ ಕೇಳತೊಡಗಿದೆ. ಸಾಸಲಿನಾಚೆಯ ಒಂದು ಹಳ್ಳಿಯಲ್ಲಿ, ಹಾಲಿನ ಡೈರಿ ಮುಂದೆ ನಿಂತಿದ್ದ ಮುದುಕಿ, "ದೊಡ್ಡಬಾಗ್ಲವ್ರಾ? ಅಗೋ, ಅದೇ ಮನೆ," ಅಂದಳು. ನೇರ ಅತ್ತ ನಡೆದೆ. ಆ ಊರಿನ ಹೊಲಗಳಲ್ಲೂ ಆಗಲೇ ಸೈಟಿನ ಕಲ್ಲು ನಿಂತಿದ್ದವು. ಹೊರಗೆ ಬಂದವನಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಅಮ್ಮನ ಕಥೆಯನ್ನೆಲ್ಲ ಹೇಳಿದೆ. ಅವನು ಗೇಟನ್ನು ಪೂರ್ತಿ ತೆಗೆಯಲೇ ಇಲ್ಲ.

"ಏನಮ್ಮಾ, ಭಾಗ ಕೇಳಕ್ಕೆ ಬಂದ್ರಾ?"

"ಭಾಗ ಯಾರಿಗ್ ಬೇಕಣ್ಣಾ? ಒಂದು ಸೀರೆ, ಅಷ್ಟೇ. ದುಡ್ಡೂ ನಾನೇ ಕೊಡ್ತೀನಿ. ತರೋ ಕೈ ನಿಮ್ದಾಗ್ಲಿ."

"ಮೊದ್ಲು ಎಲ್ರೂ ಹಂಗೇ ಅಂತಾರೆ. ಆಮೇಲೆ ಲಾಯರ್ ನೋಟಿಸು ಬರ್ತದೆ. ನಮ್ಮನೇಲಿ ಅಂಥ ಹೆಣ್ಣೇ ಹುಟ್ಟಿಲ್ಲ, ಹೋಗಿ."

ಡೈರಿಯಲ್ಲಿ ಅವನ ಫೋನ್ ನಂಬರ್ ಇಸಿದುಕೊಂಡು ಬಂದೆ. ಯಾಕೋ ಗೊತ್ತಿಲ್ಲ, ಹಾಳು ಆಸೆ. ಮನೆಗೆ ಬಂದರೆ ಅಮ್ಮ, "ಸಿಕ್ರಾ?" ಅಂದಳು.

"ಹುಡುಕ್ತಾ ಇದ್ದೀನಿ ಕಣಮ್ಮ."

ಆಮೇಲೂ ಅವಳು ಕೇಳುತ್ತಲೇ ಇದ್ದಳು, ನಾನು ಅದನ್ನೇ ಹೇಳುತ್ತಲೇ ಇದ್ದೆ.

ಅವಳು ಹೋದ ದಿನ ಅಂಗಳದ ತುಂಬ ಜನ. "ತವರಿನವ್ರು ಬಂದ್ರಾ? ಹೊತ್ತಾಗ್ತಾ ಇದೆ," ಎಂದು ಹಿರಿಯರು ಕೇಳುತ್ತಿದ್ದರು. ಬೀದಿ ಬೀದಿಯಲ್ಲಿ ಮಗ್ಗ ಆಡುವ ಊರು ನಮ್ಮದು, ಸೀರೆಗೇನು ಬರ? ತರುವವರಿರಲಿಲ್ಲ. ಒಳಗೆ ಹೋಗಿ ಅವನಿಗೆ ಫೋನ್ ಮಾಡಿ, ಅಮ್ಮ ಹೋದಳು ಅಂದೆ.

"ಅಯ್ಯೋ ಪಾಪ," ಅಂದ. "ಡೆತ್ ಸರ್ಟಿಫಿಕೇಟ್ ಸಿಕ್ಮೇಲೆ ಒಂದು ಕಾಪಿ ಕಳ್ಸಮ್ಮಾ. ಜಮೀನು ಪತ್ರಕ್ಕೆ ಅವ್ರ ಬದ್ಲು ನಿಂದೂ ಒಂದು ಸೈನ್ ಬೇಕಾಗ್ತದೆ."

ಅಂದರೆ ಅದೇ ಅಮ್ಮನ ತವರು. ಫೋನ್ ಇಟ್ಟು ಹೊರಗೆ ಬಂದೆ. ಯಾರೂ ಬರಲ್ಲ, ಎತ್ತಿ, ಅಂದೆ.